ಹಳೇ ಟ್ರ್ಯಾಕ್ಟರ್‌ಗೆ ಬ್ಯಾಕ್‌ಹೋ: ಕೊನೆಗೂ ಫ್ರೇಮ್ ಕೂತಿತು

ಮೊನ್ನೆ ಸಂಜೆ ಬ್ಯಾಕ್‌ಹೋ, ಅಂದರೆ ಟ್ರ್ಯಾಕ್ಟರ್ ಹಿಂದೆ ಸೇರಿಸುವ ಅಗೆಯುವ ತೋಳು, ಅಲುಗಾಡದೆ ಮಣ್ಣು ಎತ್ತಿತು. ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ಹಿಡಿದ ಕೆಲಸ ಇದು. ತುಂಬಾ ಖುಷಿಯಾಯಿತು.

ತೀರ್ಥಹಳ್ಳಿ ಕಡೆ ನಮ್ಮದು ಹೊಸ ಅಡಿಕೆ ತೋಟ. ಸಾಲಿಂದ ಸಾಲಿಗೆ 9 ಅಡಿ. ದೊಡ್ಡ ಜೆಸಿಬಿ ಒಳಗೆ ಬಂದರೆ ತಿರುಗಲು ಜಾಗವಿಲ್ಲ, ಸಸಿ ಉಳಿಯಲ್ಲ. ಬಾಡಿಗೆಗೆ ಕರೆಸೋಣ ಅಂದರೆ ಮಳೆಗೆ ಮುಂಚೆ ಕಪ್ಪು (ಸಾಲಿನ ನಡುವೆ ನೀರು ಬಸಿಯುವ ಕಾಲುವೆ) ತೆಗೆಸಲು ಎಲ್ಲರಿಗೂ ಒಂದೇ ವಾರ ಬೇಕು. ಅದಕ್ಕೇ ಮುಂದೆ ಲೋಡರ್ (ಮಣ್ಣು ಎತ್ತುವ ಬಕೆಟ್ ತೋಳು) ಇರುವ ಹಳೇ 45 ಎಚ್‌ಪಿ ಟ್ರ್ಯಾಕ್ಟರ್ ಕೊಂಡೆ. ಬ್ಯಾಕ್‌ಹೋ ಬೇರೆ ಕಡೆ ಬಿಡಿಯಾಗಿ ಸಿಕ್ಕಿತು.

ಮೊದಲು ನೋಡಿದ ಗಾಡಿ ಬಿಟ್ಟುಬಂದಿದ್ದೆ. ಹೊಸ ಪೇಂಟ್ ಮಿಂಚುತ್ತಿತ್ತು. ಬೂಮ್ (ಬಕೆಟ್ ಹೊರುವ ಉದ್ದ ತೋಳು) ಕೆಳಗೆ ಕೈ ಆಡಿಸಿದರೆ ಉಬ್ಬಿದ ವೆಲ್ಡಿಂಗ್ ಗೆರೆ ಸಿಕ್ಕಿತು. ಕೇಳಿದಾಗ ಮಾರುವವರು ಮಾತು ಬದಲಿಸಿದರು. ನಾನು ಕೊಂಡದ್ದರಲ್ಲಿ ಬಣ್ಣವೇ ಇರಲಿಲ್ಲ, ಆದರೆ ಎಲ್ಲಾ ಕಣ್ಣಿಗೆ ಕಾಣುತ್ತಿತ್ತು. ಆರ್‌ಸಿಯಲ್ಲಿ ಸಾಲದ ನಮೂದು ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ದುಡ್ಡು ಕೊಟ್ಟೆ.

ತೋಳಿನ ಕೀಲಿಗೆ ಹಾಕುವ ಪಿನ್ ಕೆಲಸಕ್ಕೆ ಜಾಸ್ತಿ ದಿನ ಹಿಡಿಯಿತು. ಬಕೆಟ್ ನೆಲಕ್ಕಿಟ್ಟು ಹಾರೆ ಕೊಟ್ಟು ಮೀಟಿದರೆ ಬೂಮ್ ಬುಡ ಕಟಕ್ ಅನ್ನುತ್ತಿತ್ತು. ಪಿನ್ ಹೊರಗೆ ತೆಗೆದೆ. 40 ಮಿಲಿಮೀಟರ್ ಇರಬೇಕಾದ್ದು ಒಂದು ಪಕ್ಕದಲ್ಲಿ 37ಕ್ಕೆ ಸವೆದಿತ್ತು. ಉಗುರು ಎಳೆದರೆ ಮೆಟ್ಟಿಲು ಸಿಗುತ್ತಿತ್ತು. ಗ್ರೀಸ್ ಹೋಗುವ ತೂತಿನಲ್ಲಿ ಕೆಂಪು ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ನಮ್ಮ ಜಂಬಿಟ್ಟಿಗೆ ಮಣ್ಣು ಗ್ರೀಸ್ ಜೊತೆ ಸೇರಿದರೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಪಿನ್ ಮಾತ್ರ ಬದಲಿಸಿದರೆ ಪ್ರಯೋಜನ ಇಲ್ಲ, ಪಿನ್ ಕೂರುವ ತೂತೂ ಮೊಟ್ಟೆಯಾಕಾರ ಆಗಿರುತ್ತದೆ ಅಲ್ವಾ? ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಒಯ್ದು ತೂತು ತುಂಬಿಸಿ, ಮತ್ತೆ ಬೋರ್ ಮಾಡಿಸಿ, ಹೊಸ ಬುಷ್ (ಪಿನ್ ಸುತ್ತ ಕೂರುವ ಬಳೆ) ಕೂರಿಸಿದೆ. ಲೇತ್‌ನವರು ಅಳತೆ ನೋಡದೆ ಒಂದು ಏಟೂ ಹೊಡೆಯಲಿಲ್ಲ. ಅಂಥ ಕೈ ಸಿಗೋದು ಕಷ್ಟ.

ಲೋಡರ್ ಎತ್ತಿ ನಿಲ್ಲಿಸಿದರೆ ತಾನೇ ಇಳಿಯುತ್ತಿತ್ತು. ಬೂಮಿಗೆ ಗಟ್ಟಿ ಆಸರೆ ಕೊಟ್ಟು, ಸಿಲಿಂಡರ್ ಪೂರ್ತಿ ಚಾಚಿ, ರಾಡ್ ಕಡೆಯ ಹೋಸ್ ಬಿಚ್ಚಿ, ಮತ್ತೆ ಎತ್ತುವ ಲಿವರ್ ಒತ್ತಿ ನೋಡಿದೆ. ತೆರೆದ ಬಾಯಿಂದ ಎಣ್ಣೆ ಬಂತು. ಅಂದರೆ ಎಣ್ಣೆ ಒಳಗೇ ದಾಟುತ್ತಿದೆ, ಪಿಸ್ಟನ್ ಸೀಲ್ ಹೋಗಿದೆ. ಸೀಲ್ ಕಿಟ್ ಹಾಕಿ, 68 ಗ್ರೇಡ್ ಹೈಡ್ರಾಲಿಕ್ ಎಣ್ಣೆ ತುಂಬಿದೆ. ಅದು ಅಲ್ಲಿಗೆ ಸರಿಯಾಯಿತು.

ಪೆಟ್ಟು ಬಿದ್ದದ್ದು ಆಮೇಲೆ. ಬ್ಯಾಕ್‌ಹೋ ಅನ್ನು ಸುಮ್ನೆ ತ್ರೀ ಪಾಯಿಂಟ್ ಲಿಂಕೇಜ್‌ಗೆ (ನೇಗಿಲು ಸಿಕ್ಕಿಸುವ ಹಿಂದಿನ ಮೂರು ಕೊಂಡಿ) ಸಿಕ್ಕಿಸಿ ಅಗೆಯಲು ಶುರು ಮಾಡಿದೆ. ಎರಡನೇ ದಿನ ಗೇರ್‌ಬಾಕ್ಸ್ ಮತ್ತು ಹಿಂದಿನ ಹೌಸಿಂಗ್ (ಆಕ್ಸಲ್ ಕವಚ) ಸೇರುವ ಕಡೆ ಎಣ್ಣೆ ಜಿನುಗಿದ ಗೆರೆ ಕಂಡಿತು. ಬೋಲ್ಟ್ ಎರಡು ಸಡಿಲ. ಆ ರಾತ್ರಿ ಊಟ ಸೇರಲಿಲ್ಲ. ಲಾರಿಗೆ ಇರುವ ಹಾಗೆ ಇಂಥ ಟ್ರ್ಯಾಕ್ಟರ್‌ಗೆ ಬೇರೆ ಚಾಸಿಸ್ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನೆಲುಬು. ಎಲ್ಲವೂ ಬೀಡು ಕಬ್ಬಿಣದವು. ಬಕೆಟ್ ಮಣ್ಣಿಗೆ ಕಚ್ಚಿದಾಗ ಬರುವ ಎಳೆತವೆಲ್ಲ ಆ ಜೋಡಣೆ ಮೇಲೇ ಬೀಳುತ್ತದೆ. ಇನ್ನೊಂದು ವಾರ ಹಾಗೇ ಓಡಿಸಿದ್ದರೆ ಹೌಸಿಂಗ್ ಸೀಳುತ್ತಿತ್ತೋ ಏನೋ.

ಅದಕ್ಕೆ ಪರಿಹಾರ ಸಬ್‌ಫ್ರೇಮ್. ಎರಡೂ ಪಕ್ಕ 6 ಇಂಚಿನ ಸಿ ಚಾನೆಲ್ (ಸಿ ಆಕಾರದ ಉಕ್ಕಿನ ತೊಲೆ) ಎಳೆದೆ, ಮುಂದಿನ ಲೋಡರ್ ಕಂಬದಿಂದ ಹಿಂದಿನ ಆಕ್ಸಲ್‌ವರೆಗೆ. ಬ್ಯಾಕ್‌ಹೋ ಈಗ ಅದಕ್ಕೇ ಪಿನ್ ಆಗಿದೆ. ಆಕ್ಸಲ್ ಹೌಸಿಂಗ್‌ಗೆ ವೆಲ್ಡಿಂಗ್ ತಾಗಿಸಲೇ ಇಲ್ಲ, ಬೀಡು ಬಿರುಕು ಬಿಡುತ್ತದೆ. ಯು ಕ್ಲ್ಯಾಂಪ್ ಹಾಕಿ, ಹೆಚ್ಚು ಗಟ್ಟಿಯ 10.9 ಗ್ರೇಡ್ ಬೋಲ್ಟ್ ಬಿಗಿದೆ.

ಬ್ಯಾಕ್‌ಹೋದ ಆಸರೆ ಕಾಲುಗಳು ಗದ್ದೆ ಅಂಚಿನಲ್ಲಿ ಹೂಳುತ್ತಿದ್ದವು. 8 ಇಂಚು ಚದರದ ಪಾದ ತೆಗೆದು 14 ಇಂಚಿನದು ಮಾಡಿಸಿದೆ. ನೆಲಕ್ಕೆ ತಾಗುವ ಜಾಗ ಮೂರು ಪಟ್ಟಾಯಿತು. ಕಪ್ಪಿಗೆ ಅಂತ 12 ಇಂಚಿನ ಕಿರಿದಾದ ಬಕೆಟ್ಟೂ ಆಯಿತು.

ಮೊನ್ನೆ ಒಂದು ಸಾಲಿನ ಕಪ್ಪು ತೆಗೆದೆ. ಇಳಿದು ಬ್ಯಾಟರಿ ಹಿಡಿದು ಗೇರ್‌ಬಾಕ್ಸ್ ಹಿಂದಿನ ಆ ಜೋಡಣೆ ನೋಡಿದೆ, ಒಣಗಿತ್ತು. ಬೋಲ್ಟ್ ಮೇಲೆ ಬಿಳಿ ಪೇಂಟ್‌ನಲ್ಲಿ ಗೆರೆ ಎಳೆದಿದ್ದೇನೆ, ತಿರುಗಿದರೆ ಗೊತ್ತಾಗಲಿ ಅಂತ. ಮುಂದಿನ ಚಕ್ರದ ಬೇರಿಂಗ್ ಇನ್ನೂ ಬಿಚ್ಚಿ ನೋಡಿಲ್ಲ. ಲೋಡರ್ ಭಾರ ಅದರ ಮೇಲೇ ಇರೋದು. ಈ ಭಾನುವಾರ ಅದು.