ಕಾಲು ನೋಡಬೇಕಿತ್ತು, ನಾನು ಕೈ ನೋಡಿದೆ

ನಮ್ಮದು ರಾತ್ರಿ ಶಿಫ್ಟ್. ಬೆಂಗಳೂರಿನಲ್ಲಿ ಕೂತು ಅಮೆರಿಕ, ಯುರೋಪಿನ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಟ್ಯಾಗ್ ಮಾಡುತ್ತೇವೆ, ಅಂದರೆ ವಿಡಿಯೊ ನೋಡಿ ಯಾವ ಕ್ಷಣದಲ್ಲಿ ಯಾವ ಆಟ ಅಂತ ಗುರುತು ಹಾಕುತ್ತೇವೆ. ಪಿಕ್ ಅಂಡ್ ರೋಲ್, ಪೋಸ್ಟ್ ಅಪ್, ಕಟ್, ಒಂದೊಂದಕ್ಕೂ ಒಂದು ಬಟನ್. ಎರಡು ಗಂಟೆಗೆ ಟೀ. ಆ ಹೊತ್ತಿನಲ್ಲಿ ನಮ್ಮ ಫ್ಲೋರ್‌ನಲ್ಲಿ ದಿನಾ ಒಂದೇ ಜಗಳ. ಇನ್ನೂ ಪಳಗದ ಏಳಡಿ ಹುಡುಗರಲ್ಲಿ ಯಾರು ಮುಂದೆ ಬರ್ತಾರೆ, ಯಾರು ಬರಲ್ಲ?

ಯಾರಾದರೂ ಒಬ್ಬರು ತಬೀಟ್ ಹೆಸರು ಎತ್ತುತ್ತಾರೆ. ತಾಂಜಾನಿಯಾದ ಹಶೀಮ್ ತಬೀಟ್, 7 ಅಡಿ 3 ಇಂಚು. 2009ರಲ್ಲಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಮೆಂಫಿಸ್ ತಂಡ ಎರಡನೇ ಆಯ್ಕೆಯಲ್ಲೇ ಅವನನ್ನು ತೆಗೆದುಕೊಂಡಿತು. ಆಗ ಮುಂದೆ ದೊಡ್ಡ ತಾರೆಗಳಾದ ಜೇಮ್ಸ್ ಹಾರ್ಡನ್, ಸ್ಟೆಫ್ ಕರಿ ಇಬ್ಬರೂ ಇನ್ನೂ ಉಳಿದಿದ್ದರು. ಇಂಥ ಹುಡುಗರನ್ನು ನಂಬಬಾರದು ಅನ್ನೋಕೆ ಇಷ್ಟು ಹೇಳಿದರೆ ಸಾಕು, ಅರ್ಧ ಫ್ಲೋರ್ ತಲೆ ಆಡಿಸುತ್ತೆ.

ನಾನು ಗೊಬೇರ್ ಕಡೆ. ಫ್ರಾನ್ಸ್‌ನ ರೂಡಿ ಗೊಬೇರ್ 2013ರಲ್ಲಿ 27ನೇ ಆಯ್ಕೆ. ಮೊದಲ ಸೀಸನ್‌ನಲ್ಲಿ ಅವನದು ಪಂದ್ಯಕ್ಕೆ 2.3 ಪಾಯಿಂಟ್. ತಬೀಟ್‌ನ ಮೊದಲ ಸೀಸನ್‌ನಲ್ಲಿ 3.1. ಅಂದರೆ ತಬೀಟ್‌ನದೇ ಜಾಸ್ತಿ, ಅಲ್ವಾ? ಇಬ್ಬರನ್ನೂ ಮೊದಲ ವರ್ಷವೇ ಎನ್‌ಬಿಎಯ ಕೆಳಗಿನ ಡಿ-ಲೀಗ್‌ಗೆ ಕಳಿಸಿದ್ದರು. ಆಮೇಲೆ ತಬೀಟ್ ಒಟ್ಟು ಐದೇ ಸೀಸನ್ ಆಡಿ ಎನ್‌ಬಿಎಯಿಂದ ಹೊರಗೆ. ಗೊಬೇರ್ ನಾಲ್ಕು ಸಲ ವರ್ಷದ ಡಿಫೆನ್ಸಿವ್ ಪ್ಲೇಯರ್. "ನಂಬರ್ ನೋಡಿ ಏನ್ ಹೇಳೋಕಾಗುತ್ತೆ ಗುರು? ಕಾಯಬೇಕು" ಅನ್ನೋದು ನನ್ನ ವಾದ. ಈಗಲೂ ಅದನ್ನೇ ನಂಬುತ್ತೇನೆ. ಆದರೆ ಆ ವಾದವನ್ನು ಟೀ ಮೇಜಿನಿಂದ ನನ್ನ ಸಿಸ್ಟಮ್‌ವರೆಗೆ ತಂದೆ. ಅದು ತಪ್ಪು.

ಒಂದು ಕ್ಲೈಂಟ್ ತಂಡದವರು ಯುರೋಪಿನ ಸಣ್ಣ ಲೀಗ್‌ನಲ್ಲಿ ಆಡುವ 19 ವರ್ಷದ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಒಬ್ಬನ ಎಡಿಟ್, ಅಂದರೆ ಆಯ್ದ ಕ್ಲಿಪ್‌ಗಳ ವಿಡಿಯೊ, ಕೇಳಿದ್ದರು. ನನಗೆ ಆ ಹುಡುಗ ಮೊದಲ ಪಂದ್ಯದಲ್ಲೇ ಹಿಡಿಸಿಬಿಟ್ಟಿದ್ದ. ಉದ್ದ ಕೈ. ನಿಂತಲ್ಲೇ ಎದುರಾಳಿಯ ಶಾಟ್ ಬ್ಲಾಕ್ ಮಾಡುತ್ತಿದ್ದ. 40 ಕ್ಲಿಪ್ ಆರಿಸಿದೆ. ಎಲ್ಲ ಬ್ಲಾಕ್, ಲಾಬ್, ಪುಟ್‌ಬ್ಯಾಕ್, ಅಂದರೆ ಅವನ ಕೈ ಬಾಲ್ ಮುಟ್ಟಿದ ಕ್ಷಣಗಳೇ. ಆಟಗಾರ ಬಾಲ್ ಮುಟ್ಟದ ಪೊಸೆಷನ್‌ಗಳಿಗೆ (ಪೊಸೆಷನ್ ಅಂದರೆ ಒಂದು ತಂಡದ ಕೈಲಿ ಬಾಲ್ ಇರುವ ಒಂದು ಸರದಿ) ನಮ್ಮ ಟೆಂಪ್ಲೇಟ್‌ನಲ್ಲಿ ಬಟನ್ನೇ ಇಲ್ಲ. ಎರಡು ವರ್ಷದಿಂದ ಕೇಳುತ್ತಿದ್ದೇವೆ, ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ ಅಂತಲೇ ಹೇಳುತ್ತಾರೆ. ಟೈಮ್ ಇಲ್ಲ ಅಂತ ಆವತ್ತು ಕಳಿಸುವ ಮುಂಚಿನ ತಪಾಸಣೆ, ಕ್ಯೂಸಿಯನ್ನೂ ಬಿಟ್ಟರು. ಅದೆಲ್ಲ ನಿಜ. ಆದರೆ ಬಟನ್ ಇಲ್ಲದಿದ್ದರೂ ನನ್ನ ಕಣ್ಣು ಇತ್ತಲ್ಲ.

ವಿಡಿಯೊ ಕಾಲ್‌ನಲ್ಲಿ ಕ್ಲೈಂಟ್ ಕಡೆಯ ಕೋಚ್ ಆರು ಕ್ಲಿಪ್ ನೋಡಿ ನಿಲ್ಲಿಸಲು ಹೇಳಿದರು. ಪೂರ್ತಿ ಪಂದ್ಯ ತೆಗೆಸಿದರು. ಮೂರನೇ ಕ್ವಾರ್ಟರ್, ನಾಲ್ಕು ನಿಮಿಷ ಬಾಕಿ.

ಎದುರಾಳಿ ಗಾರ್ಡ್ ಬಾಲ್ ಹಿಡಿದು, ಜೊತೆಗಾರ ಅಡ್ಡ ನಿಂತ ಸ್ಕ್ರೀನ್ ದಾಟಿ ಬಂದ. ನಮ್ಮ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಮಂಡಿ ಬಗ್ಗಲಿಲ್ಲ. ಹಿಮ್ಮಡಿ ನೆಲಕ್ಕೆ ಅಂಟಿತ್ತು. ಗಾರ್ಡ್ ಒಂದು ಕ್ಷಣ ತಡೆದ ಹಾಗೆ ಮಾಡಿದ, ಅಷ್ಟಕ್ಕೇ ಹುಡುಗನ ಸೊಂಟ ಬೇರೆ ಕಡೆ ತಿರುಗಿಹೋಯಿತು. ಬಾಲ್ ಅವನ ತಲೆ ಮೇಲಿಂದ ಹೋಯಿತು. ಹಿಂದಿದ್ದವನು ಡಂಕ್ ಮಾಡಿದ.

"ಇನ್ನೊಂದು ಸಲ" ಅಂದರು. ಹಾಕಿದೆ. ಮತ್ತೆ ಇನ್ನೊಂದು ಸಲ. ಐದು ಸಲ ಹಾಕಿದೆ. ಯಾರೂ ಮಾತಾಡಲಿಲ್ಲ. ನನ್ನ ಹೆಡ್‌ಸೆಟ್‌ನಲ್ಲಿ ನನ್ನ ಉಸಿರೇ ಕೇಳುತ್ತಿತ್ತು.

"ಈ ಪಂದ್ಯದಲ್ಲಿ ಇಂಥವು ಎಷ್ಟಿವೆ?"

ಹನ್ನೊಂದು. ನನಗೆ ಗೊತ್ತಿತ್ತು. ಕತ್ತರಿಸುವಾಗ ಒಂದೊಂದನ್ನೂ ನೋಡಿ, ಕಲೀತಾನೆ ಬಿಡು ಅಂದುಕೊಂಡು ದಾಟಿಸಿದ್ದೆ. ಆದರೆ ಬಾಯಿಗೆ ಬಂದದ್ದು, "ಎಣಿಸಿಲ್ಲ ಸರ್."

ಕ್ಲಿಪ್ ಬಿಟ್ಟಿದ್ದಕ್ಕಿಂತ ಆ ಸುಳ್ಳು ಇವತ್ತಿಗೂ ಚುಚ್ಚುತ್ತೆ. ಲೀಡ್ ಮೇಡಂ ಅನ್‌ಮ್ಯೂಟ್ ಮಾಡಿ, ಬೆಳಗ್ಗೆಯೊಳಗೆ ಪೂರ್ತಿ ಎಡಿಟ್ ಕಳಿಸ್ತೀವಿ ಅಂದರು. ನನಗೆ ಬೈಯಲಿಲ್ಲ. ಕ್ಯಾಬ್ ಬಿಟ್ಟು ಕೂತೆ.

ಈ ಸಲ ಬಾಲ್ ನೋಡಲಿಲ್ಲ. ಹುಡುಗನ ಕಾಲು ಮಾತ್ರ ನೋಡಿದೆ. ಹನ್ನೊಂದನ್ನೂ ಸೇರಿಸಿದೆ. ಹಾಗೆ ನೋಡುತ್ತಾ ಹೋಗುವಾಗ ನಾಲ್ಕನೇ ಕ್ವಾರ್ಟರ್‌ನಲ್ಲಿ ಒಂದು ಪೊಸೆಷನ್ ಸಿಕ್ಕಿತು. ಅದೇ ಆಟ, ಅದೇ ಗಾರ್ಡ್. ಹುಡುಗ ಈ ಸಲ ಮಂಡಿ ಬಗ್ಗಿಸಿದ್ದ. ಎಡಗೈಯಿಂದ ಪಕ್ಕದವನನ್ನು ಸರಿಯಾದ ಜಾಗಕ್ಕೆ ತಳ್ಳಿದ. ಗಾರ್ಡ್ ತಡೆದ ಹಾಗೆ ಮಾಡಿದ, ಇವನು ಅಲುಗಲಿಲ್ಲ. ಗಾರ್ಡ್ ಬಾಲ್ ವಾಪಸ್ ಕೊಟ್ಟುಬಿಟ್ಟ. ಬ್ಲಾಕ್ ಇಲ್ಲ, ರೀಬೌಂಡ್ ಇಲ್ಲ, ಲೆಕ್ಕಕ್ಕೆ ಏನೂ ಇಲ್ಲ.

ಟೀ ಹೊತ್ತಿನಲ್ಲಿ ನಾನು ವಾದಿಸುತ್ತಿದ್ದದ್ದಕ್ಕೆ ಇಡೀ ಪಂದ್ಯದಲ್ಲಿ ಇದ್ದ ಒಂದೇ ಒಳ್ಳೆಯ ಸಾಕ್ಷಿ ಅದು. ಹನ್ನೊಂದು ತಪ್ಪುಗಳ ಜೊತೆ ಅದನ್ನೂ ಎಸೆದಿದ್ದೆ. ಬಾಲ್ ಮುಟ್ಟಿರಲಿಲ್ಲವಲ್ಲ.

ಅದನ್ನು ಹನ್ನೊಂದರ ನಂತರ ಕೊನೆಗೆ ಇಟ್ಟೆ. ಮೇಲ್‌ನಲ್ಲಿ, ಎಣಿಸಿದ್ದೆ, ಹೇಳಲಿಲ್ಲ, ಕ್ಷಮಿಸಿ ಅಂತ ಬರೆದೆ. ಮೂರು ದಿನದ ಮೇಲೆ ಒಂದೇ ಸಾಲಿನ ಉತ್ತರ ಬಂತು. ಅವನ ಮುಂದಿನ ಐದು ಪಂದ್ಯ ಬೇಕು, ಕೊನೆಯ ಕ್ಲಿಪ್‌ನಂಥವೂ ಇರಲಿ.

ಬಟನ್ ಇನ್ನೂ ಬಂದಿಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಟೈಮ್ ಬರೆದುಕೊಳ್ಳುತ್ತೇನೆ.