ಮೊದಲು ಒಲೆ ಆರಿಸು

ರೋಮ್‌ಗೆ ಬಂದು ಮೂರನೇ ವಾರ. ಟೆಸ್ಟಾಚೊ ಮಾರುಕಟ್ಟೆಯಿಂದ ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಚೀಸ್ ತಂದು ಕಾಚೊ ಎ ಪೆಪೆ ಎಂಬ ಪಾಸ್ತಾ ಮಾಡಲು ಕೂತೆ. ಚೀಸ್, ಕಾಳುಮೆಣಸು, ಪಾಸ್ತಾ ಮೂರೇ ಸಾಮಾನು, ಬೆಣ್ಣೆಯಿಲ್ಲ, ಕೆನೆಯಿಲ್ಲ. ತುರಿದ ಚೀಸನ್ನು ಕುದಿಯುತ್ತಿದ್ದ ಬಾಣಲೆಗೇ ಸುರಿದೆ. ನೋಡನೋಡುತ್ತಲೇ ಅದು ರಬ್ಬರಿನ ಮುದ್ದೆಯಾಗಿ ಸೌಟಿಗೆ ಕಚ್ಚಿಕೊಂಡಿತು. ಒಡೆದ ಹಾಲು ಕಂಡಾಗಿನ ಸಂಕಟವೇ.

ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ಮೊದಲು ಒಲೆ ಆರಿಸು" ಅಂದರು. ಕಡಿಮೆ ನೀರಿನಲ್ಲಿ ಹೊಸದಾಗಿ ಪಾಸ್ತಾ ಬೇಯಲು ಇಟ್ಟರು, ಗಂಜಿ ಗಟ್ಟಿಯಾಗಲೆಂದು. ಪೆಕೊರಿನೊ ಮೊದಲೇ ಉಪ್ಪು, ಹಾಗಾಗಿ ನೀರಿಗೆ ಉಪ್ಪು ಹಾಕುವಾಗ ಕೈ ಬಿಗಿ. ಜಜ್ಜಿದ ಮೆಣಸನ್ನು ಬರಿ ಬಾಣಲೆಯಲ್ಲಿ ಹುರಿದಾಗ ಸಾರಿನ ಪುಡಿ ಹುರಿದ ಹಾಗೆ ಮನೆಯೆಲ್ಲ ಘಮ್ ಅಂದಿತು. ಸಣ್ಣಗೆ ತುರಿದ ಚೀಸಿಗೆ ತುಸು ಆರಿದ ಗಂಜಿನೀರು ಚಿಮುಕಿಸಿ ಇಡ್ಲಿಹಿಟ್ಟಿನ ಹದಕ್ಕೆ ಕಲಸಿದರು. ಬಾಣಲೆ ಕೆಳಗಿಳಿಸಿ, ಪಾಸ್ತಾದ ಹಬೆ ಇಳಿಯುವ ತನಕ ಕಾದು, ಆಮೇಲೆ ಅದನ್ನು ಬೆರೆಸಿದರು. ಒಂದು ಗಂಟಿಲ್ಲ! ಸುಮಾರು 65 ಡಿಗ್ರಿ ದಾಟಿದರೆ ಈ ಚೀಸಿನ ಪ್ರೋಟೀನು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಡುವೆ ಗಂಜಿ ಸೇರಿಕೊಂಡರೆ ಅದು ಬಿಡಿಬಿಡಿಯಾಗಿ ಉಳಿಯುತ್ತದೆ.

ಎಲ್ಲ ಚೀಸೂ ಬಿಸಿಗೆ ಕರಗುತ್ತದೆ ಎಂದುಕೊಂಡಿದ್ದೆ, ಹಾಗಲ್ಲ. ಮೊಝರೆಲ್ಲಾ ಎಳೆ ಎಳೆಯಾಗುವುದು, ಹೆಪ್ಪುಗಟ್ಟಿದ ಹಾಲಿನ ಗಡ್ಡೆಯನ್ನು ಬಿಸಿನೀರಿನಲ್ಲಿ ನಾದಿ ಎಳೆದಿರುವುದರಿಂದ. ರಿಕೊಟ್ಟಾ ಅಂದರೆ 'ಮತ್ತೆ ಬೇಯಿಸಿದ್ದು': ಚೀಸ್ ತೆಗೆದು ಉಳಿದ ನೀರನ್ನು ಕಾಯಿಸಿದಾಗ ತೇಲಿಬರುವ ಕೆನೆಮೊಸರಿನಂಥದ್ದು. ಬಿಸಿಯಿಂದಲೇ ಹುಟ್ಟಿದ ಅದು ಮತ್ತೆಷ್ಟು ಕಾಯಿಸಿದರೂ ಕರಗದು, ನಮ್ಮ ಪನೀರಿನ ಹಾಗೆ. ಕನಿಷ್ಠ 12 ತಿಂಗಳು ಹಣ್ಣಾಗುವ ಪಾರ್ಮಿಜಾನೊ ಚೀಸನ್ನು ರಿಸೊಟ್ಟೊ ಎಂಬ ಮೆತ್ತನೆ ಅನ್ನಕ್ಕೆ ಬೆರೆಸುವುದೂ ಒಲೆಯಿಂದ ಇಳಿಸಿದ ಮೇಲೆಯೇ. ಅದರ ಗಟ್ಟಿ ಸಿಪ್ಪೆಯನ್ನು ಅಜ್ಜಿ ಎಸೆಯುವುದಿಲ್ಲ, ತರಕಾರಿ ಸೂಪಿಗೆ ಹಾಕುತ್ತಾರೆ. ನನಗೆ ತುಂಬ ಹಿಡಿಸಿದ್ದು ಇದೇ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಪಾರ್ಮಿಜಾನೊಗೆ ಕರುವಿನ, ಪೆಕೊರಿನೊ ರೊಮಾನೊಗೆ ಕುರಿಮರಿಯ ಜಠರದಿಂದ ತೆಗೆದ ಹೆಪ್ಪು ಹಾಕುತ್ತಾರೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಸಸ್ಯಾಹಾರಿಗಳಿಗೆ ಇದು ಗೊತ್ತಿರಲೇಬೇಕು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಬಂದಾಗ ಏನು ಮಾಡಿ ಹಾಕ್ತೀಯೇ?" ಅಂದಳು.

"ಮಸ್ಕಾರ್ಪೋನೆ ಅಮ್ಮ. ಕೆನೆ ಕಾಯಿಸಿ, ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಸೋಸಿ ಇಟ್ಟರಾಯ್ತು."

"ಅಷ್ಟೇನಾ? ಹಾಗಾದ್ರೆ ನಾಳೆ ನಾನೇ ಇಲ್ಲಿ ಮಾಡಿ ನೋಡ್ತೀನಿ."