ದಾಲ್ ಮಿಲ್ಲಿನಲ್ಲಿ ಪಾಳಿ ಬದಲಾಗುವಾಗ
ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಕನ್ನಡ, ದಖನಿ, ತೆಲುಗು, ಮರಾಠಿ ಒಟ್ಟಿಗೇ ಓಡಾಡುತ್ತವೆ. ಭಾಷೆ ಹೇಗೋ ದಾಟುತ್ತದೆ. ಕೆಲಸ ಕೆಡುವುದು ಪಾಳಿ ಬದಲಾಗುವಾಗ. ಎಣ್ಣೆ ಹಚ್ಚಿದ ತೊಗರಿ ಎಷ್ಟು ಚೀಲ, ಯಾವಾಗ ಒಣಹಾಕಿದ್ದು, ಸಿಪ್ಪೆ ಉಜ್ಜಿ ತೆಗೆಯುವ ಯಾವ ರೋಲರ್ ಬಿಸಿಯಾಗುತ್ತಿದೆ, ಇಷ್ಟನ್ನು ಹಲಗೆಯ ಮೇಲೆ ಅಂಕಿಯಲ್ಲೇ ಬರೆಯಿರಿ. ಹೋಗುವವರೂ ಬರುವವರೂ ಮಷಿನ್ ಪಕ್ಕ ನಿಂತು ಓದಲಿ. ವಾಟ್ಸ್‌ಆ್ಯಪ್ ಧ್ವನಿ ಸಂದೇಶವಂತೂ ಬೇಡ, ಆ ಗದ್ದಲದಲ್ಲಿ ಇಪ್ಪತ್ತು ಎಪ್ಪತ್ತಾಗುತ್ತದೆ.

"ತಿಳೀತೇನ್ರಿ?" ಎಂದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಹಿರಿಯರೆದುರು ಇಲ್ಲ ಅನ್ನುವವರು ಯಾರು? ಬದಲಿಗೆ "ಮೊದಲು ಯಾವ ರಾಶಿ ಎತ್ತತೀರಿ, ತೋರಿಸ್ರಿ" ಅನ್ನಿ. ಇನ್ನೂ ಒಣಗದ ಹಸಿ ರಾಶಿ ತೋರಿಸಿದರೆ ಅಲ್ಲೇ ತಿದ್ದಬಹುದು. ರೋಲರಿಗೆ ಬಿದ್ದ ಮೇಲೆ ಗೊತ್ತಾದರೆ, ಸಿಪ್ಪೆ ಬಿಡದ ತೊಗರಿ ಮತ್ತೆ ಬಿಸಿಲಿಗೇ ಹೋಗಬೇಕು.